ಇನ್ನು ಮೇಲೆ ನೀನೇ ಕೇಳಬೇಕು



ಎಸ್ಸೆಸ್ಸೆಲ್ಸಿ, ಪಿಯುಸಿ ಎರಡರ ಫಲಿತಾಂಶವೂ ಬಂದಾಯಿತು. ಪೇಡ ಹಂಚುವವರು ಹಂಚಿದರು, ಮರುಮೌಲ್ಯಮಾಪನಕ್ಕೆ ಹಾಕುವವರು ಹಾಕಿದರು. ಈಗ ಮನೆಮನೆಯಲ್ಲೂ ಒಂದೇ ಮಾತು: ಯಾವ ಕಾಲೇಜು, ಯಾವ ಕಾಂಬಿನೇಷನ್, ಫೀಸೆಷ್ಟು, ಹಾಸ್ಟೆಲ್ ಸಿಗುತ್ತದೋ ಇಲ್ಲವೋ. ಕೆಲವು ಮನೆಗಳಲ್ಲಿ ಇವುಗಳ ಜೊತೆಗೆ ಇನ್ನೂ ನಾಲ್ಕು ಪ್ರಶ್ನೆ ಇರುತ್ತವೆ. ಕ್ಲಾಸು ಕೆಳಗೋ ಮಹಡಿ ಮೇಲೋ? ಪರೀಕ್ಷೆಗೆ ಬರೆದುಕೊಡುವವರು ಸಿಗುತ್ತಾರಾ? ಪಾಠ ಕಿವಿಗೆ ಬೀಳದಿದ್ದರೆ ಏನು ಗತಿ? ಇವಳಿಗೆ ಹೆಚ್ಚು ಹೊತ್ತು ಬೇಕು ಅಂತ ಅಲ್ಲಿ ಯಾರಿಗೆ ಹೇಳುವುದು? ಇವತ್ತಿನ ನನ್ನ ಮಾತು ಆ ಮನೆಗಳವರ ಜೊತೆ. ಹಾಗೆಯೇ, ನನ್ನಂತೆ ಕಾಲೇಜಿನಲ್ಲಿ ಪಾಠ ಮಾಡುವವರ ಜೊತೆ.

ಹೈಸ್ಕೂಲಿನಲ್ಲಿ ಅಂಗವಿಕಲ ಮಗುವಿನ ಸುತ್ತ ಒಂದಷ್ಟು ಜನ ಇರುತ್ತಾರೆ. ಮುಖ್ಯೋಪಾಧ್ಯಾಯರು, ಕ್ಲಾಸ್ ಟೀಚರು, ತಾಲ್ಲೂಕಿನಲ್ಲಿ ಸಮನ್ವಯ ಶಿಕ್ಷಣ ನೋಡಿಕೊಳ್ಳುವ ಬಿಐಇಆರ್‌ಟಿ ಮೇಷ್ಟ್ರು, ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಾದ ವಿಆರ್‌ಡಬ್ಲ್ಯು. ಎಲ್ಲ ಶಾಲೆಯಲ್ಲೂ ಎಲ್ಲರೂ ಇರುತ್ತಾರೆ, ಎಲ್ಲರೂ ಮುತುವರ್ಜಿಯಿಂದ ಕೆಲಸ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಸ್ಕ್ರೈಬ್, ಅಂದರೆ ಬರೆದುಕೊಡುವವರು, ಬೇಕೆಂದು ಮಂಡಳಿಗೆ ಬರೆಯುವವರು ಹೆಡ್‌ಮಾಸ್ಟರು. ಕೆಳಗಿನ ತರಗತಿಯಲ್ಲಿ ಅಕ್ಷರ ಚೆನ್ನಾಗಿರುವ ಹುಡುಗನೊಬ್ಬನನ್ನು ಹುಡುಕಿ, ಅವನ ಮನೆಯವರನ್ನು ಒಪ್ಪಿಸುವವರೂ ಅವರೇ. ಹೆಚ್ಚುವರಿ ಸಮಯಕ್ಕೆ, ಭಾಷಾ ವಿನಾಯಿತಿಗೆ ಕಾಗದ ಓಡಾಡಿಸುವವರು ಗುಮಾಸ್ತರು. ಉಳಿದದ್ದಕ್ಕೆ ಅಪ್ಪ ಅಮ್ಮ ಇದ್ದಾರೆ. ಇಷ್ಟರಲ್ಲಿ ಮಗುವಿನ ಪಾಲಿಗೆ ಬರುವ ಕೆಲಸ ಒಂದೇ, ಹೇಳಿದ ದಿನ ಹೇಳಿದ ಬೆಂಚಿನಲ್ಲಿ ಹೋಗಿ ಕೂರುವುದು.

ಅದೇ ಮಗು ಕಾಲೇಜಿಗೆ ಬರುತ್ತದೆ. ಇಲ್ಲಿ ಗಂಟೆಗೊಬ್ಬ ಉಪನ್ಯಾಸಕರು. ಒಬ್ಬರು ಹೋದರು, ಇನ್ನೊಬ್ಬರು ಬಂದರು. ಹಾಜರಿ ಪುಸ್ತಕದಲ್ಲಿ ನೂರಾರು ಹೆಸರು. ಶಾಲೆಯಲ್ಲಿ ಏನೇನು ಅನುಕೂಲ ಸಿಕ್ಕಿತ್ತು ಎಂಬ ದಾಖಲೆ ಶಾಲೆಯ ಬೀರುವಿನಲ್ಲೇ ಉಳಿಯಿತು. ಟಿಸಿಯಲ್ಲಿ ಜಾತಿ ಇರುತ್ತದೆ, ಹುಟ್ಟಿದ ದಿನಾಂಕ ಇರುತ್ತದೆ, ನಡತೆ ಉತ್ತಮ ಎಂದೂ ಇರುತ್ತದೆ. ಈ ಹುಡುಗನಿಗೆ ಮೂರು ಗಂಟೆಯ ಪರೀಕ್ಷೆ ಬರೆಯಲು ನಾಲ್ಕು ಗಂಟೆ ಬೇಕು ಎಂದು ಮಾತ್ರ ಅದರಲ್ಲಿ ಬರೆದಿರುವುದಿಲ್ಲ. ಅದನ್ನು ಅವನೇ ಬಾಯಿಬಿಟ್ಟು ಹೇಳಬೇಕು. ಹದಿನಾರು ವರ್ಷ ಯಾರೋ ತನ್ನ ಪರವಾಗಿ ಕೇಳುತ್ತಿದ್ದ ಹುಡುಗ, ಒಂದು ಜೂನ್ ತಿಂಗಳಲ್ಲಿ ಇದ್ದಕ್ಕಿದ್ದ ಹಾಗೆ ತಾನೇ ಕೇಳುವವನಾಗಬೇಕು.

ನಮ್ಮ ರಾಜ್ಯದಲ್ಲಿ ಈ ದಾಟು ಎರಡು ಸಲ ಬರುತ್ತದೆ, ಎಸ್ಸೆಸ್ಸೆಲ್ಸಿಯಿಂದ ಪಿಯು ಕಾಲೇಜಿಗೆ ಒಮ್ಮೆ, ಪಿಯುಸಿಯಿಂದ ಡಿಗ್ರಿಗೆ ಇನ್ನೊಮ್ಮೆ. ಮೊದಲನೆಯದು ಸ್ವಲ್ಪ ಹಗುರ. ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಪರೀಕ್ಷೆ ಎರಡನ್ನೂ ಈಗ ಒಂದೇ ಮಂಡಳಿ ನಡೆಸುತ್ತದೆ, ನಿಯಮಗಳೂ ಹೆಚ್ಚುಕಡಿಮೆ ಪರಿಚಿತವಾದವೇ. ಎರಡನೆಯದರಲ್ಲಿ ಪರೀಕ್ಷೆ ವಿಶ್ವವಿದ್ಯಾಲಯದ ಕೈಗೆ ಹೋಗುತ್ತದೆ. ಅಲ್ಲಿ ಅರ್ಜಿ ಮುಟ್ಟಬೇಕಾದದ್ದು ಮೌಲ್ಯಮಾಪನ ಕುಲಸಚಿವರ ಕಚೇರಿಗೆ, ಕಾಲೇಜಿನ ಪ್ರಾಂಶುಪಾಲರ ಮೂಲಕ. ಈ ದಾರಿ ಗೊತ್ತಿಲ್ಲದೆ ಮೊದಲ ಸೆಮಿಸ್ಟರನ್ನೇ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲೂ ಇದೇ ಕಥೆ. ಅಲ್ಲಿ 1975ರಿಂದ ಶಾಲೆಗಳ ಮೇಲೆ ಒಂದು ಕಾನೂನಿನ ಹೊಣೆ ಇದೆ: ಅಂಗವಿಕಲ ಮಗುವನ್ನು ಶಾಲೆಯೇ ಗುರುತಿಸಿ, ತಂದೆ ತಾಯಿಯನ್ನು ಕೂರಿಸಿಕೊಂಡು, ವರ್ಷ ವರ್ಷ ಆ ಮಗುವಿಗೊಂದು ಲಿಖಿತ ಯೋಜನೆ ಮಾಡಬೇಕು. ಹೈಸ್ಕೂಲು ಮುಗಿದ ದಿನ ಆ ಕಾಗದದ ಬಲವೂ ಮುಗಿಯಿತು. ಕಾಲೇಜಿಗೆ ಅನ್ವಯವಾಗುವುದು ತಾರತಮ್ಯ ಬೇಡವೆನ್ನುವ ಬೇರೆ ಕಾನೂನುಗಳು, ಒಂದು 1973ರದು, ಇನ್ನೊಂದು 1990ರದು. ಅಲ್ಲಿ ವಿದ್ಯಾರ್ಥಿಯೇ ಆ ಕೆಲಸಕ್ಕಿರುವ ಕಚೇರಿಗೆ ಹೋಗಿ, ತನ್ನ ದಾಖಲೆ ತೋರಿಸಿ, ಇಂಥದ್ದು ಬೇಕು ಎಂದು ಹೇಳಬೇಕು. ಅಮ್ಮ ಫೋನು ಮಾಡಿದರೆ, ಮಗನ ಒಪ್ಪಿಗೆ ಇಲ್ಲದೆ ನಾವು ಏನೂ ಹೇಳುವ ಹಾಗಿಲ್ಲ ಎನ್ನುತ್ತಾರೆ. ಅಲ್ಲಿಗೂ ಇಲ್ಲಿಗೂ ವ್ಯತ್ಯಾಸವೆಂದರೆ, ಅಲ್ಲಿ ಹೋಗಿ ಕೇಳುವುದಕ್ಕೆ ಒಂದು ಕೋಣೆ ಇದೆ, ಬಾಗಿಲ ಮೇಲೆ ಬೋರ್ಡಿದೆ. ನಮ್ಮಲ್ಲಿ ಬಹಳಷ್ಟು ಕಾಲೇಜುಗಳಲ್ಲಿ ಆ ಬೋರ್ಡು ಇನ್ನೂ ಬಂದಿಲ್ಲ.

ಕಾನೂನು ಮಾತ್ರ ಬಂದಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದಕ್ಕೆ ಮುಂಚೆ ಇದ್ದ 1995ರ ಕಾಯಿದೆಯಲ್ಲಿ ಏಳು ಬಗೆಯ ಅಂಗವಿಕಲತೆಗಳಿದ್ದವು, ಇದರಲ್ಲಿ 21. ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ, ಆಟಿಸಂ, ಹಿಮೋಫಿಲಿಯಾ, ಥಲಸ್ಸೇಮಿಯಾ ಎಲ್ಲವೂ ಸೇರಿವೆ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವಿಕಲತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಎನ್ನುತ್ತದೆ 31ನೇ ಕಲಮು. ಅದರ ಮುಂದಿನ 32ನೇ ಕಲಮು, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕಡಿಮೆಯೆಂದರೂ ಶೇಕಡ 5 ಸೀಟು ಇವರಿಗೆ ಮೀಸಲು, ವಯಸ್ಸಿನಲ್ಲಿ ಐದು ವರ್ಷ ಸಡಿಲಿಕೆ ಎನ್ನುತ್ತದೆ. ಹದಿನೆಂಟರ ಆಚೆಗೆ ಸರ್ಕಾರ ನಿಮ್ಮ ಮನೆ ಬಾಗಿಲಿಗೆ ಬರುವುದಿಲ್ಲ. ಸೀಟು ಇಟ್ಟಿದ್ದೇವೆ, ಬಂದು ತೆಗೆದುಕೊಳ್ಳಿ ಎನ್ನುತ್ತದೆ. ಸೀಟು ಸಿಕ್ಕ ಮೇಲೆ ಓದುವುದು ಹೇಗೆ ಎಂಬುದಕ್ಕೆ 16 ಮತ್ತು 17ನೇ ಕಲಮುಗಳನ್ನು ನೋಡಬೇಕು. ಸರ್ಕಾರದ ಹಣ ಪಡೆಯುವ ಅಥವಾ ಸರ್ಕಾರದ ಮಾನ್ಯತೆ ಇರುವ ಸಂಸ್ಥೆಗಳು ಒಬ್ಬೊಬ್ಬ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಸ್ಕ್ರೈಬ್, ಎರಡನೆಯ ಮೂರನೆಯ ಭಾಷೆಯಿಂದ ವಿನಾಯಿತಿ ಮೊದಲಾದವು ಇರಬೇಕು. ಮಾನ್ಯತೆ ಎಂದ ಮೇಲೆ ಖಾಸಗಿ ಕಾಲೇಜೂ ಬಂತು. ನಮ್ಮದು ಅನುದಾನರಹಿತ, ಆದ್ದರಿಂದ ನಮಗೆ ಇದೆಲ್ಲ ಅನ್ವಯಿಸುವುದಿಲ್ಲ ಎಂದು ಕೌಂಟರಿನಲ್ಲಿ ಯಾರಾದರೂ ಹೇಳಿದರೆ, ಸೀಟಿನ ಮೀಸಲಾತಿಯ ಮಟ್ಟಿಗೆ ಅದು ಸರಿ ಇರಬಹುದು. ಉಳಿದದ್ದಕ್ಕೆ ಅಲ್ಲ.

ಇನ್ನು ಕಾಗದಪತ್ರದ ಮಾತು. ಬೇಸರದ ವಿಷಯ, ಆದರೆ ಇಲ್ಲೇ ಹೆಚ್ಚು ಜನ ಎಡವುವುದು. ಈಗ ಎಲ್ಲಕ್ಕೂ ಆಧಾರ ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ. ಚಿಕ್ಕಂದಿನಲ್ಲಿ ಮಾಡಿಸಿದ ಕಾರ್ಡು ಹಲವರದು ತಾತ್ಕಾಲಿಕ, ಅದರ ಮೇಲೆ ಅವಧಿ ನಮೂದಾಗಿರುತ್ತದೆ. ಕಲಿಕಾ ನ್ಯೂನತೆ ಇರುವವರಿಗಂತೂ ಇದು ಬಲು ಮುಖ್ಯ. 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಎಂಟು ವರ್ಷ ತುಂಬಿದ ಮೇಲೆ ಮೊದಲ ಪ್ರಮಾಣಪತ್ರ, ಹದಿನಾಲ್ಕಕ್ಕೆ ಮತ್ತೆ ಪರೀಕ್ಷೆ, ಹದಿನೆಂಟಕ್ಕೆ ಇನ್ನೊಮ್ಮೆ ಎಂದಿತ್ತು. ಹದಿನೆಂಟರಲ್ಲಿ ಕೊಟ್ಟದ್ದು ಜೀವನಪರ್ಯಂತ ನಡೆಯುತ್ತಿತ್ತು. ಹದಿನೆಂಟು ತುಂಬುವುದು ಯಾವಾಗ ನೋಡಿ: ಪಿಯುಸಿ ಮುಗಿಯುವ ಹೊತ್ತಿಗೆ, ಡಿಗ್ರಿಗೆ ಸೇರುವ ಹೊತ್ತಿಗೆ ಸರಿಯಾಗಿ! ಹಳೆಯ ಪತ್ರದ ಬಲ ಹೋಗಿರುತ್ತದೆ, ಹೊಸದು ಕೈಗೆ ಬಂದಿರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ಗೋ ದೊಡ್ಡ ಸರ್ಕಾರಿ ಆಸ್ಪತ್ರೆಗೋ ಹೋದರೆ ಅಂದೇ ಬರೆದುಕೊಡುವ ಕೆಲಸವೂ ಇದಲ್ಲ. ಓದಿಸಿ, ಬರೆಸಿ, ಲೆಕ್ಕ ಮಾಡಿಸಿ, ಬುದ್ಧಿಮತ್ತೆಯ ಪರೀಕ್ಷೆ ಮಾಡಿ ನೋಡಬೇಕು. ಆದ್ದರಿಂದ ದ್ವಿತೀಯ ಪಿಯುಸಿಯ ದಸರಾ ರಜೆಯಲ್ಲೇ ದಿನಾಂಕ ಕೇಳಿಕೊಂಡು ಬನ್ನಿ. ಸಿಇಟಿ ಅರ್ಜಿ ತುಂಬುವ ದಿನ ನೆನಪಾದರೆ ಹೊತ್ತು ಮೀರಿರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಯುಡಿಐಡಿಯಲ್ಲಿ ಯಾವ ಅಂಗವಿಕಲತೆ, ಶೇಕಡ ಎಷ್ಟು ಎಂದಿರುತ್ತದೆ. ಬರೆಯುವುದಕ್ಕೆ ತೊಂದರೆ ಇದೆಯೇ ಎಂದು ಇರುವುದಿಲ್ಲ. ಕಣ್ಣು ಕಾಣದವರಿಗೆ, ಎರಡೂ ಕೈಗಳಿಗೆ ತೊಂದರೆ ಇರುವವರಿಗೆ, ಸೆರೆಬ್ರಲ್ ಪಾಲ್ಸಿ ಇರುವವರಿಗೆ 2018ರ ಪರೀಕ್ಷಾ ಮಾರ್ಗಸೂಚಿ ಕೇಳಿದ ಕೂಡಲೇ ಸ್ಕ್ರೈಬ್ ಕೊಡಿ ಎಂದಿತು. ಉಳಿದವರು ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಯಿಂದ, ಇವರಿಗೆ ಬರೆಯಲು ಆಗುವುದಿಲ್ಲ, ಸ್ಕ್ರೈಬ್ ಅಗತ್ಯ ಎಂಬ ಬೇರೆ ಪತ್ರ ತರಬೇಕಿತ್ತು.

ಶೇಕಡ 40 ಇಲ್ಲದವರ ಪಾಡೇನು? ಈ ಪ್ರಶ್ನೆಗೆ ಉತ್ತರ ಬಂದದ್ದು ಸುಪ್ರೀಂ ಕೋರ್ಟಿನಿಂದ, 2021ರ ಫೆಬ್ರವರಿಯಲ್ಲಿ. ವಿಕಾಸ್ ಕುಮಾರ್ ಎಂಬ ವೈದ್ಯಕೀಯ ಪದವೀಧರರಿಗೆ ಬರೆಯುವಾಗ ಬೆರಳು ಸೆಟೆದುಕೊಳ್ಳುವ ತೊಂದರೆ. 2018ರ ನಾಗರಿಕ ಸೇವಾ ಪರೀಕ್ಷೆಗೆ ಸ್ಕ್ರೈಬ್ ಕೇಳಿದರು. ನೀವು ನಮ್ಮ ಪಟ್ಟಿಯಲ್ಲಿಲ್ಲ ಎಂದು ಯುಪಿಎಸ್‌ಸಿ ನಿರಾಕರಿಸಿತು. ಬರೆಯಲು ಕಷ್ಟವಿದ್ದರೆ ಸಾಕು, ಸ್ಕ್ರೈಬ್ ಕೊಡುವುದಕ್ಕೆ ಶೇಕಡ 40ರ ಅಳತೆ ಹಿಡಿಯಬಾರದು ಎಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಅದರ ಮೇಲೆ 2022ರ ಆಗಸ್ಟ್‌ನಲ್ಲಿ ಅಂಥವರಿಗಾಗಿಯೇ ಪ್ರತ್ಯೇಕ ಮಾರ್ಗಸೂಚಿ ಬಂತು. ಹೀಗಾಗಿ, ನಿನ್ನದು ಬರೀ ಮೂವತ್ತು ಪರ್ಸೆಂಟು, ಸ್ಕ್ರೈಬ್ ಇಲ್ಲ ಎಂದು ಯಾವ ಕಾಲೇಜೂ ಕಳಿಸುವಂತಿಲ್ಲ. ಮಾರ್ಗಸೂಚಿಗಳು ಆಗಾಗ ಬದಲಾಗುತ್ತವೆ. ಆಯಾ ವರ್ಷದ ಸುತ್ತೋಲೆ ನೋಡಿಕೊಳ್ಳುವುದು ಒಳ್ಳೆಯದು.

ಸ್ಕ್ರೈಬ್ ಅಂದೆ. ಕಾಗದದ ಮೇಲೆ ಇದು ಒಂದು ಸಾಲಿನ ಸೌಲಭ್ಯ. ಪರೀಕ್ಷಾ ಕೊಠಡಿಯೊಳಗೆ ಅದು ಏನು ಎಂಬುದನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ.

ಸ್ಕ್ರೈಬನ್ನು ವಿದ್ಯಾರ್ಥಿಯೇ ಕರೆತಂದರೆ ಅವನ ಓದು ವಿದ್ಯಾರ್ಥಿಯದಕ್ಕಿಂತ ಒಂದು ಹಂತ ಕೆಳಗಿರಬೇಕು ಎನ್ನುವುದು 2018ರ ನಿಯಮವಾಗಿತ್ತು. ಅದರಂತೆ ಡಿಗ್ರಿ ಓದುವವಳಿಗೆ ಪಿಯುಸಿಯ ಹುಡುಗ ಬೇಕಿತ್ತು. ನಮ್ಮ ಸೆಮಿಸ್ಟರ್ ಪರೀಕ್ಷೆ ನಡೆಯುವಾಗ ಪಿಯು ಕಾಲೇಜಿನಲ್ಲಿ ಪಾಠ ಜೋರಾಗಿ ನಡೆದಿರುತ್ತದೆ. ಒಂದೊಂದು ಪತ್ರಿಕೆಗೆ ಅವನ ಒಂದು ದಿನ ಹಾಳು. ಎರಡು ಪತ್ರಿಕೆಗೆ ಬಂದವನು ಮೂರನೆಯದಕ್ಕೆ, ಅಕ್ಕ, ನಾಳೆ ನಮ್ಗೆ ಟೆಸ್ಟಿದೆ ಎಂದು ಕೈ ಎತ್ತುತ್ತಾನೆ. ರಾತ್ರಿ ಎಂಟು ಗಂಟೆಗೆ ಈ ಹುಡುಗಿ ನಾಳೆಯ ಪಾಠ ಓದುವುದು ಬಿಟ್ಟು ಸ್ಕ್ರೈಬಿಗಾಗಿ ಫೋನು ಹಿಡಿದು ಕೂತಿರುತ್ತಾಳೆ.

ಅವನು ಬಂದ ಎಂದೇ ಇಟ್ಟುಕೊಳ್ಳಿ. ಕಾಮರ್ಸ್ ಹುಡುಗ, ಇಂಗ್ಲಿಷ್ ಮೀಡಿಯಂ. ಪತ್ರಿಕೆ ಹಳಗನ್ನಡ. ಇವಳು ಪಂಪನ ‘ವಿಕ್ರಮಾರ್ಜುನ ವಿಜಯ’ ಎನ್ನುತ್ತಾಳೆ, ಅವನ ಪೆನ್ನು ನಿಲ್ಲುತ್ತದೆ. ಕ-ಗೆ ರ ಒತ್ತು, ಮ-ಗೆ ದೀರ್ಘ, ಜ-ಗೆ ಅರ್ಕಾವೊತ್ತು ಎಂದು ಬಿಡಿಸಿ ಹೇಳಬೇಕು. ಪದ್ಯದ ಸಾಲು ಬಂದರಂತೂ ಅಕ್ಷರ ಅಕ್ಷರವನ್ನೂ ಹೇಳಬೇಕು. ಆ ಹೊತ್ತಿಗೆ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮುಂದಿನ ಮೂರು ವಾಕ್ಯ ಚೆದುರಿಹೋಗಿರುತ್ತವೆ. ಬರೆದದ್ದನ್ನು ಒಮ್ಮೆ ಓದಿ ಹೇಳು ಅಂದರೆ, ಮೇಲ್ವಿಚಾರಕರು ಅಲ್ಲಿಂದಲೇ, ಏನದು ಮಾತು? ಎಂದು ಗದರುತ್ತಾರೆ. ಸ್ಕ್ರೈಬ್ ಇರುವ ಕೊಠಡಿಯಲ್ಲಿ ಮಾತಾಡದೆ ಪರೀಕ್ಷೆ ಬರೆಯುವುದು ಹೇಗೆ ಎಂಬುದನ್ನು ಅವರೇ ಹೇಳಬೇಕು!

ಇನ್ನು ಸಮಯ. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು, ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಸ್ಕ್ರೈಬ್ ಬೇಡ ಎಂದು ತಾನೇ ಬರೆಯುವವರಿಗೂ ಇದು ಉಂಟು. ಎರಡರಿಂದ ಐದರವರೆಗೆ ಪರೀಕ್ಷೆ. ಐದಕ್ಕೆ ಬೆಲ್ಲು ಹೊಡೆಯಿತು. ಪಕ್ಕದ ಕೊಠಡಿಗಳಲ್ಲಿ ಬೆಂಚು ಸರಿಯುವ ಸದ್ದು, ಉತ್ತರ ಪತ್ರಿಕೆಯ ಬಂಡಲ್ ಕಟ್ಟುವ ಗಡಿಬಿಡಿ. ಅಟೆಂಡರು ಬಾಗಿಲಲ್ಲಿ ನಿಂತು ಬೀಗದ ಕೈ ಆಡಿಸುತ್ತಾರೆ. ಇನ್ನೂ ಎಷ್ಟೊತ್ತಮ್ಮಾ? ಐದೂವರೆಗೆ ಅವಳ ಊರಿನ ಬಸ್ಸು, ಅದು ಬಿಟ್ಟರೆ ಏಳಕ್ಕೆ. ಸ್ಕ್ರೈಬಿನ ಕಣ್ಣು ಗಡಿಯಾರದ ಮೇಲೆ. ಒಂದು ಗಂಟೆ ತನಗೆ ಬಾಕಿ ಇದೆ ಎಂದು ಗೊತ್ತಿದ್ದೂ ಅವಳು, ಸಾಕು ಸಾರ್, ಮುಗೀತು ಎಂದು ಎದ್ದುಬಿಡುತ್ತಾಳೆ. ಆ ದಿನದ ದಾಖಲೆಯಲ್ಲಿ ಹೆಚ್ಚುವರಿ ಸಮಯ ನೀಡಲಾಗಿದೆ ಎಂದೇ ಇರುತ್ತದೆ. ಬೆಳಗಿನ ಹೊತ್ತಿನ ಪತ್ರಿಕೆಯಾದರೆ ಈ ತೊಂದರೆ ಅರ್ಧ ತಪ್ಪುತ್ತದೆ. ಮಧ್ಯಾಹ್ನದ್ದಾದರೆ, ಅವರಿಗಷ್ಟೇ ಒಂದು ಗಂಟೆ ಮೊದಲು ಶುರು ಮಾಡಲು ಅನುಮತಿ ಬೇಕೆಂದು ಮುಂಚಿತವಾಗಿಯೇ ವಿಶ್ವವಿದ್ಯಾಲಯವನ್ನು ಕೇಳಬಹುದು. ಕೊಡುತ್ತಾರೋ ಬಿಡುತ್ತಾರೋ, ಕೇಳದೆ ಇದ್ದರೆ ಯಾರೂ ಯೋಚಿಸುವುದೇ ಇಲ್ಲ.

2018ರ ಅದೇ ಮಾರ್ಗಸೂಚಿಯಲ್ಲಿ ಹೆಚ್ಚು ಜನ ಓದದೇ ಬಿಟ್ಟ ಸಾಲುಗಳಿದ್ದವು. ಪರೀಕ್ಷೆಗೆ ಎರಡು ದಿನ ಮುಂಚೆ ಸ್ಕ್ರೈಬನ್ನು ಭೇಟಿ ಮಾಡಿ ನೋಡಲು ಬಿಡಬೇಕು. ತುರ್ತು ಬಂದರೆ ಸ್ಕ್ರೈಬನ್ನು ಬದಲಿಸಲು ಅವಕಾಶ ಇರಬೇಕು. ಬೇರೆ ಬೇರೆ ಪತ್ರಿಕೆಗೆ, ಅದರಲ್ಲೂ ಭಾಷೆಗಳಿಗೆ, ಬೇರೆ ಬೇರೆ ಸ್ಕ್ರೈಬ್ ಇಟ್ಟುಕೊಳ್ಳಬಹುದು. ಹಳಗನ್ನಡಕ್ಕೆ ಕಾಮರ್ಸ್ ಹುಡುಗನೇ ಗತಿ ಎಂದು ಯಾವ ಕಾನೂನೂ ಹೇಳಿಲ್ಲ.

ಸೆಮಿಸ್ಟರ್ ಪರೀಕ್ಷೆಗಾದರೂ ಒಂದು ವ್ಯವಸ್ಥೆ ಇದೆ. ಎಲ್ಲರೂ ಮರೆಯುವುದು ಆಂತರಿಕ ಪರೀಕ್ಷೆಯನ್ನು. ಇಪ್ಪತ್ತು ಅಂಕದ ಟೆಸ್ಟಿಗೂ ಸ್ಕ್ರೈಬಾ? ಎಂದು ಕೇಳುತ್ತಾರೆ. ಇಪ್ಪತ್ತಾದರೂ ಅಂಕ ಅಂಕವೇ ಅಲ್ಲವೇ? ಸೆಮಿನಾರಿನಲ್ಲಿ ಮಾತು ತೊದಲುವ ಹುಡುಗ ಹತ್ತು ನಿಮಿಷ ನಿಂತು ಮಾತಾಡಲಾರ. ಬರೆದುಕೊಟ್ಟರೆ ಆಗುತ್ತದೆಯೇ ಎಂದು ಅವನು ಕೇಳಬೇಕು, ಆಗುತ್ತದೆ ಎಂದು ನಾವು ಹೇಳಬೇಕು. ಇದಕ್ಕೆ ಸರ್ಕಾರದ ಆದೇಶ ಕಾಯಬೇಕಾಗಿಲ್ಲ.

ಈಗ ನನ್ನ ಸಹೋದ್ಯೋಗಿಗಳಿಗೆ ಒಂದು ವಿಷಯ, ನೋಟ್ಸಿನದು. ಹೈಸ್ಕೂಲಿನ ಪಠ್ಯಪುಸ್ತಕ ಸರ್ಕಾರದ್ದು, ಬ್ರೈಲಿನಲ್ಲೂ ಬರುತ್ತದೆ. ಡಿಗ್ರಿಯಲ್ಲಿ ಪುಸ್ತಕಕ್ಕಿಂತ ನೋಟ್ಸೇ ಹೆಚ್ಚು. ನಾವು ನೋಟ್ಸನ್ನು ನುಡಿಯಲ್ಲೋ ಬರಹದಲ್ಲೋ ಹಳೆಯ ಫಾಂಟು ಹಾಕಿ ಟೈಪು ಮಾಡಿ ಪಿಡಿಎಫ್ ಕಳಿಸುತ್ತೇವೆ. ಕಣ್ಣಿಗೆ ಅದು ಚೆಂದದ ಕನ್ನಡ. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಅಕ್ಷರ ಓದಿ ಹೇಳುವ ತಂತ್ರಾಂಶದ ಕಿವಿಗೆ ಅದು ಕನ್ನಡವೇ ಅಲ್ಲ. ಆ ಫಾಂಟುಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಮೇಲೆ ಕನ್ನಡದ ರೂಪ ಹೊದಿಸಿದಂಥವು. ‘ಕನ್ನಡ’ ಎಂದು ನೀವು ಟೈಪಿಸಿದ್ದನ್ನು ಅದು ಪಿ, ಎ, ಪೌಂಡ್, ಎ ಎಂದು ಓದುತ್ತಾ ಹೋಗುತ್ತದೆ. ನಲವತ್ತು ಪುಟ ಹೀಗೆ! ಅದೇ ನೋಟ್ಸು ಯೂನಿಕೋಡಿನಲ್ಲಿದ್ದರೆ ಸಾಮಾನ್ಯ ಸ್ಮಾರ್ಟ್‌ಫೋನು ಕೂಡ ಸ್ಪಷ್ಟವಾಗಿ ಓದುತ್ತದೆ. ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಕಂಪ್ಯೂಟರಿನಲ್ಲಿ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶವೂ ಉಚಿತ, ಅದನ್ನು ಶುರು ಮಾಡಿದವರು ಕಣ್ಣು ಕಾಣದ ಇಬ್ಬರು ಆಸ್ಟ್ರೇಲಿಯನ್ ಯುವಕರು. ಕೈಬರಹದ ನೋಟ್ಸಿನ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವ ನಮ್ಮ ಅಭ್ಯಾಸವೂ ಅಷ್ಟೇ. ಆ ಹುಡುಗಿಯ ಫೋನು, ಇಮೇಜ್ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಪುಸ್ತಕವನ್ನು ಇವರಿಗಾಗಿ ಸ್ಕ್ಯಾನ್ ಮಾಡಿಕೊಟ್ಟರೆ ಕಾಪಿರೈಟ್ ತೊಡಕು ಬರುತ್ತದೆ ಎಂದು ಹೆದರುವವರಿದ್ದಾರೆ. 2012ರ ತಿದ್ದುಪಡಿಯಲ್ಲಿ ಇದಕ್ಕೆ ವಿನಾಯಿತಿ ಕೊಟ್ಟಾಗಿದೆ. ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ 2016ರಿಂದ ನಡೆಯುತ್ತಿದೆ, ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳು ಓದಿ ಧ್ವನಿಮುದ್ರಿಸಿದ ಪುಸ್ತಕ ಕೊಡುತ್ತವೆ. ಮೊದಲ ವರ್ಷವೇ ಸದಸ್ಯರಾಗಿಬಿಡಿ.

ಕಾಲೇಜಿನಲ್ಲಿ ಯಾವ ಬಾಗಿಲು ತೆರೆಯುತ್ತದೆ ಎಂಬುದು ಹೈಸ್ಕೂಲಿನಲ್ಲೇ ತೀರ್ಮಾನವಾಗಿರುತ್ತದೆ ಎಂಬುದನ್ನೂ ಹೇಳಲೇಬೇಕು. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಕಣ್ಣು ಕಾಣದ ಮಕ್ಕಳು ಗಣಿತದ ಬದಲು ಸಮಾಜಶಾಸ್ತ್ರ, ವಿಜ್ಞಾನದ ಬದಲು ರಾಜ್ಯಶಾಸ್ತ್ರ ಅಥವಾ ಸಂಗೀತ ತೆಗೆದುಕೊಳ್ಳಬಹುದು. ಒಳ್ಳೆಯ ಉದ್ದೇಶದ ಸೌಲಭ್ಯ, ಹಲವರಿಗೆ ಆಸರೆಯಾಗಿದೆ. ಆದರೆ ಮಗುವನ್ನು ಒಂದು ಮಾತೂ ಕೇಳದೆ, ಇವಳಿಗೆ ಗಣಿತ ಬೇಡ ಬಿಡಿ ಎಂದು ಎಂಟನೇ ತರಗತಿಯಲ್ಲೇ ತೀರ್ಮಾನ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಮುಂದೆ ವಿಜ್ಞಾನ ಬೇಕೆನಿಸಿದರೆ ಆ ಬಾಗಿಲು ಮುಚ್ಚಿಯಾಗಿರುತ್ತದೆ. ಪಕ್ಕದ ಆಂಧ್ರದ ಶ್ರೀಕಾಂತ್ ಬೊಲ್ಲ ಅವರ ಜೀವನ ಸಿನಿಮಾ ಆಗಿ 2024ರಲ್ಲಿ ಬಂತಲ್ಲ, ಅವರು ಹತ್ತನೇ ತರಗತಿ ಮುಗಿದ ಮೇಲೆ ವಿಜ್ಞಾನ ಓದುವುದಕ್ಕೇ ಹೋರಾಡಬೇಕಾಯಿತು. ಕಣ್ಣು ಕಾಣದವರಿಗೆ ವಿಜ್ಞಾನ ಇಲ್ಲ ಎಂದಿದ್ದರು. ಪಟ್ಟು ಹಿಡಿದು ಓದಿ, ಮುಂದೆ ಅಮೆರಿಕದ ಎಂಐಟಿಗೆ ಹೋದರು. ಎಲ್ಲರೂ ಶ್ರೀಕಾಂತ್ ಆಗಬೇಕೆಂದಲ್ಲ. ಸುಮ್ಮನೆ ಬಿಎಸ್ಸಿ ಓದಬೇಕೆನ್ನುವ ಹುಡುಗಿಗೂ ಅಷ್ಟೇ ಹಕ್ಕಿದೆ.

ಅಡ್ಮಿಷನ್ ಕಮಿಟಿಯಲ್ಲಿ ಕೂತಾಗ ನಾನು ನೋಡುವುದು ಹೀಗೆ: ತಂದೆ ಫೈಲು ಹಿಡಿದು ಮುಂದೆ, ಮಗಳು ಹಿಂದೆ. ನಿನಗೆ ಬೋರ್ಡು ಎಷ್ಟು ಕಾಣುತ್ತದಮ್ಮಾ ಎಂದು ಅವಳನ್ನು ಕೇಳಿದರೆ, ಅಷ್ಟೇನೂ ಕಾಣಲ್ಲ ಮೇಡಂ ಎಂದು ತಂದೆ ಉತ್ತರ ಕೊಡುತ್ತಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಹದಿನೆಂಟು ವರ್ಷ ಕಚೇರಿ ಕಚೇರಿ ಅಲೆದವರು ಅವರು. ಆದರೆ ಕ್ಲಾಸಿನೊಳಗೆ ಅವರು ಬರಲಾರರು. ಕೆಲವು ತಾಯಂದಿರು ಪಿಸುಮಾತಿನಲ್ಲಿ, ಡಿಸ್ಲೆಕ್ಸಿಯಾ ಇರೋದು ಯಾರಿಗೂ ಗೊತ್ತಾಗೋದು ಬೇಡ ಮೇಡಂ, ಇಲ್ಲಿ ಹೊಸ ಫ್ರೆಂಡ್ಸು ಎಂದು ಹೇಳುವುದುಂಟು. ಇಡೀ ಕ್ಲಾಸಿಗೆ ಗೊತ್ತಾಗಬೇಕಿಲ್ಲ, ಅದು ಆ ಹುಡುಗನ ಇಷ್ಟ. ಒಬ್ಬ ಜವಾಬ್ದಾರಿ ಇರುವವರಿಗಾದರೂ ಬರಹದಲ್ಲಿ ಗೊತ್ತಿರಬೇಕು, ಇಲ್ಲದಿದ್ದರೆ ಯಾವ ಅನುಕೂಲವೂ ಸಿಗುವುದಿಲ್ಲ.

ಬರಹದಲ್ಲಿ ಅಂದರೆ ಹೇಗೆ? ಒಂದು ಅರ್ಜಿ ಓದುತ್ತೇನೆ, ಕೇಳಿ:

“ಮಾನ್ಯ ಪ್ರಾಂಶುಪಾಲರಿಗೆ. ನಾನು ಪ್ರಥಮ ಬಿ.ಎ. ವಿದ್ಯಾರ್ಥಿನಿ. ನನಗೆ ದೃಷ್ಟಿ ಭಾಗಶಃ ಇದೆ. ಬೋರ್ಡಿನ ಬರಹ ಕಾಣುವುದಿಲ್ಲ, ಪುಸ್ತಕದ ಸಣ್ಣ ಅಕ್ಷರ ಓದಲಾಗುವುದಿಲ್ಲ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಯಲ್ಲಿ ಸ್ಕ್ರೈಬ್ ಹಾಗೂ ಹೆಚ್ಚುವರಿ ಸಮಯ ಪಡೆದಿದ್ದೇನೆ. ಇಲ್ಲಿ ಆಂತರಿಕ ಪರೀಕ್ಷೆಗೂ ಸೆಮಿಸ್ಟರ್ ಪರೀಕ್ಷೆಗೂ ಅವೆರಡೂ ಬೇಕು. ನೋಟ್ಸು ಯೂನಿಕೋಡಿನಲ್ಲಿ ಬೇಕು. ಮುಂದಿನ ಬೆಂಚಿನಲ್ಲಿ ಜಾಗ ಬೇಕು. ಯುಡಿಐಡಿ ಪ್ರತಿಯನ್ನೂ ಹಿಂದಿನ ಅನುಮತಿ ಪತ್ರಗಳನ್ನೂ ಲಗತ್ತಿಸಿದ್ದೇನೆ.”

ಇಷ್ಟೇ. ಇದರಲ್ಲಿ ಬಡ ವಿದ್ಯಾರ್ಥಿನಿ ಎಂಬ ಮಾತಿಲ್ಲ, ಕೃಪೆ ತೋರಬೇಕೆಂಬ ಬೇಡಿಕೆಯಿಲ್ಲ. ಏನು ಆಗುವುದಿಲ್ಲ, ಏನು ಬೇಕು, ಹಿಂದೆ ಏನು ಸಿಕ್ಕಿತ್ತು ಎಂಬುದಿದೆ. ಎರಡು ಪ್ರತಿ ಮಾಡಿ, ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದಕ್ಕೆ ದಿನಾಂಕದ ಸೀಲು ಹಾಕಿಸಿಕೊಳ್ಳಬೇಕು. ಹೈಸ್ಕೂಲಿನ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ: ಹತ್ತನೇ ತರಗತಿಯಲ್ಲಿ ಸ್ಕ್ರೈಬ್ ಅರ್ಜಿಯನ್ನು ನೀವು ಬರೆಯಬೇಡಿ. ಮಗುವಿನಿಂದಲೇ ಹೇಳಿಸಿ ಬರೆಸಿ. ತಪ್ಪಿದ್ದರೆ ತಿದ್ದಿ. ಮಂಡಳಿಯಿಂದ ಬಂದ ಅನುಮತಿ ಪತ್ರದ ಪ್ರತಿಯನ್ನು ಟಿಸಿಯ ಜೊತೆಗೇ ಕೊಟ್ಟು ಕಳಿಸಿ.

ಬೇಗ ಕೇಳಿ ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2021ರ ನೀಟ್ ಪರೀಕ್ಷೆ ಬರೆದ ಅವನಿ ಪ್ರಕಾಶ್ ಎಂಬ ವಿದ್ಯಾರ್ಥಿನಿಗೆ ಡಿಸ್‌ಗ್ರಾಫಿಯಾ, ಅಂದರೆ ಬರವಣಿಗೆಯ ತೊಂದರೆ ಇತ್ತು. ಸಿಗಬೇಕಾಗಿದ್ದ ಹೆಚ್ಚುವರಿ ಒಂದು ಗಂಟೆ ಪರೀಕ್ಷಾ ಕೇಂದ್ರದಲ್ಲಿ ಸಿಗಲಿಲ್ಲ. ಸುಪ್ರೀಂ ಕೋರ್ಟಿನವರೆಗೆ ಹೋದರು. ತಪ್ಪು ಪರೀಕ್ಷೆ ನಡೆಸಿದವರದೇ, ಆ ವಿದ್ಯಾರ್ಥಿನಿಗೆ ಆದ ಅನ್ಯಾಯ ಸರಿಪಡಿಸುವ ದಾರಿ ಹುಡುಕಿ ಎಂದು ನ್ಯಾಯಾಲಯ ಹೇಳಿತು. ಆದರೆ ಮರುಪರೀಕ್ಷೆಗೆ ಆದೇಶಿಸಲಿಲ್ಲ. ಹೋದ ಗಂಟೆಯನ್ನು ಸುಪ್ರೀಂ ಕೋರ್ಟೂ ತಂದುಕೊಡಲಾಗಲಿಲ್ಲ. ಆದ್ದರಿಂದ ಅರ್ಜಿಗೆ ಉತ್ತರ ಬರದಿದ್ದರೆ ಪರೀಕ್ಷೆಯವರೆಗೆ ಕಾಯಬೇಡಿ. ಸಂಸ್ಥೆಯಲ್ಲಿ ಕುಂದುಕೊರತೆ ಅಧಿಕಾರಿ ಇದ್ದರೆ ಅವರಿಗೆ ಬರೆಯಿರಿ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿದ್ದಾರೆ. ಆಗ ಬೇಕಾಗುವುದೇ ಆ ಸೀಲು ಬಿದ್ದ ಪ್ರತಿ.

ಕಡೆಯದಾಗಿ ಪ್ರಾಂಶುಪಾಲರಿಗೆ, ಟೈಮ್‌ಟೇಬಲ್ ಹಾಕುವ ನನ್ನ ಸಹೋದ್ಯೋಗಿಗಳಿಗೆ ಒಂದು ಮಾತು. ರ‍್ಯಾಂಪಿಗೆ, ಲಿಫ್ಟಿಗೆ ಅನುದಾನ ಬರುವಾಗ ಬರಲಿ. ಗಾಲಿಕುರ್ಚಿಯ ಹುಡುಗನ ಕ್ಲಾಸನ್ನು ಮಹಡಿಯಿಂದ ಕೆಳಗಿನ ಕೋಣೆಗೆ ಇಳಿಸುವುದಕ್ಕೆ ಒಂದು ಪೈಸೆ ಖರ್ಚಿಲ್ಲ. ಕಿವಿ ಕೇಳದ ಹುಡುಗಿ ಕೂತಿರುವ ಕ್ಲಾಸಿನಲ್ಲಿ ಬೋರ್ಡಿನ ಕಡೆ ತಿರುಗಿ ಮಾತಾಡದೆ ಇರುವುದಕ್ಕೂ ಖರ್ಚಿಲ್ಲ. ಈ ವರ್ಷದ ಟೈಮ್‌ಟೇಬಲ್ ಇನ್ನೂ ನೋಟಿಸ್ ಬೋರ್ಡಿಗೆ ಬಿದ್ದಿಲ್ಲ. ಅದಕ್ಕೆ ಮುಂಚೆ ಅಡ್ಮಿಷನ್ ಅರ್ಜಿಗಳನ್ನು ಒಮ್ಮೆ ತೆಗೆದು, ಯುಡಿಐಡಿ ನಂಬರು ಬರೆದಿರುವವರು ಯಾರು ಯಾರು ಎಂದು ನೋಡಿ, ಅವರನ್ನು ಕರೆಸಿ ಕೇಳಿ, ಆಮೇಲೆ ಕೋಣೆ ಹಂಚಿ.